ಮಾದಾವರದ ಗೇಟಿನಲ್ಲಿ ಒಂದು ಕಾರ್ಡು, ಎರಡು ಬ್ಯಾಲೆನ್ಸು

ತುಮಕೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಓಡಾಡುವ ನನ್ನಂಥವರಿಗೆ, 2024ರ ನವೆಂಬರ್ 7ರಂದು ಮೆಟ್ರೊದ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ ಬಂದದ್ದು ದೊಡ್ಡ ಅನುಕೂಲ. ನೆಲಮಂಗಲ ದಾಟಿದ ಸ್ವಲ್ಪ ಹೊತ್ತಿಗೇ ಬಸ್ಸಿನಿಂದ ಇಳಿದರೆ ಎಂಟನೇ ಮೈಲಿ, ಗೊರಗುಂಟೆಪಾಳ್ಯಗಳ ದಟ್ಟಣೆಯ ಗೊಡವೆಯಿಲ್ಲ. ಆ ತಿಂಗಳಲ್ಲೇ ಬ್ಯಾಂಕೊಂದರ ಎನ್‌ಸಿಎಂಸಿ ಕಾರ್ಡನ್ನು (ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡ್, ಅಂದರೆ ಮುಂಗಡವಾಗಿ ಹಣ ತುಂಬಿಟ್ಟು ಪ್ರಯಾಣದರ ಕಟ್ಟುವ ಕಾರ್ಡು) ಮಾಡಿಸಿಕೊಂಡೆ. ಅಂದಿನಿಂದಲೂ ಅದನ್ನೇ ಬಳಸುತ್ತಿದ್ದೇನೆ.

ಕ್ಯಾತ್ಸಂದ್ರ ದಾಟಿದ ಮೇಲೆ ಕಾರ್ಡನ್ನು ಪರ್ಸಿನ ಒಳಮಡಿಕೆಯಿಂದ ತೆಗೆದು ಅಂಗಿಯ ಜೇಬಿಗೆ ಇಟ್ಟುಕೊಳ್ಳುವುದು ನನ್ನ ರೂಢಿ. ಎಡಗೈಯಲ್ಲಿ ಊಟದ ಚೀಲ, ಬಲಗೈಯಲ್ಲಿ ಕಾರ್ಡು. ಗೇಟಿಗೆ ತಾಗಿಸಿದೊಡನೆ ದಾರಿ ತೆರೆದುಕೊಳ್ಳುತ್ತದೆ. ಮೊಬೈಲ್ ತೆಗೆದು ಕ್ಯೂಆರ್ ಹುಡುಕುವ ಕೆಲಸವಿಲ್ಲ. ರಾತ್ರಿ ಮರಳುವಾಗ ಮೊಬೈಲಿನ ಚಾರ್ಜು ಮುಗಿದಿದ್ದರೂ ಚಿಂತೆಯಿಲ್ಲ.

ಈ ಸಂತೋಷಕ್ಕೆ ಪೆಟ್ಟು ಬಿದ್ದದ್ದು ಒಂದು ಸೋಮವಾರ. ಹಿಂದಿನ ಸಂಜೆ ತುಮಕೂರಿನ ಮನೆಯಲ್ಲಿ ಕುಳಿತು 500 ರೂಪಾಯಿ ರೀಚಾರ್ಜ್ ಮಾಡಿದ್ದೆ. ಹಣ ಕಡಿತವಾಗಿ, ರೀಚಾರ್ಜ್ ಯಶಸ್ವಿಯಾಗಿದೆಯೆಂಬ ಸಂದೇಶವೂ ಬಂದಿತ್ತು. ಆದರೂ ಗೇಟು ತೆರೆಯಲಿಲ್ಲ. ಕಾರ್ಡಿನಲ್ಲಿದ್ದದ್ದು 23 ರೂಪಾಯಿ ಮಾತ್ರ. ಕೌಂಟರಿನ ಸಾಲಿನಲ್ಲಿ ನಿಂತು ವಿಚಾರಿಸಿದಾಗ ತಿಳಿಯಿತು: ಮೊಬೈಲಿನಿಂದ ಹಾಕಿದ ಹಣ ಬ್ಯಾಂಕಿನ ಕಡೆಯ ಖಾತೆಯಲ್ಲಿ ಕಾಯುತ್ತಿರುತ್ತದೆ, ಕಾರ್ಡನ್ನು ಯಂತ್ರಕ್ಕೆ ತಾಗಿಸಿ ಅದನ್ನು ಕಾರ್ಡಿನೊಳಗಿನ ಎಲೆಕ್ಟ್ರಾನಿಕ್ ಚಿಪ್ಪಿಗೆ ಇಳಿಸಿಕೊಳ್ಳುವವರೆಗೆ ಗೇಟಿನ ಲೆಕ್ಕಕ್ಕೆ ಅದು ಬರುವುದಿಲ್ಲ. ನನ್ನದೇ ಹಣ, ನನ್ನದೇ ಕಾರ್ಡು, ಆದರೂ ಅಂದು ಕಚೇರಿಗೆ ತಡವಾಗಿ ಹೋದೆ.

ಈ ವ್ಯವಸ್ಥೆಗೆ ಕಾರಣವಿದೆಯೆಂಬುದನ್ನು ಈಗ ಒಪ್ಪುತ್ತೇನೆ. ಜನಜಂಗುಳಿಯ ಹೊತ್ತಿನಲ್ಲಿ ಗೇಟು ಪ್ರತಿಯೊಬ್ಬರಿಗೂ ಬ್ಯಾಂಕಿನ ಉತ್ತರಕ್ಕಾಗಿ ಕಾಯಲಾಗದು. ಚಿಪ್ಪಿನಲ್ಲಿರುವ ಹಣದಿಂದಲೇ ದರವನ್ನು ಅಲ್ಲೇ ಕಡಿತ ಮಾಡಿಕೊಳ್ಳುವುದರಿಂದಲೇ ನಾನು ಇಷ್ಟಪಡುವ ಆ ವೇಗ ಸಾಧ್ಯವಾಗಿದೆ. ಆದರೆ ಇದನ್ನು ಬಳಸುವವನಿಗೆ ಯಾರೂ ಹೇಳುವುದಿಲ್ಲವೆಂಬುದು ನನ್ನ ತಕರಾರು. ರೀಚಾರ್ಜಿನ ಸಂದೇಶದಲ್ಲಿ, "ನಿಲ್ದಾಣದಲ್ಲಿ ಕಾರ್ಡನ್ನು ಯಂತ್ರಕ್ಕೆ ತಾಗಿಸಿ ಹಣ ಇಳಿಸಿಕೊಳ್ಳಿ" ಎಂದು ಕನ್ನಡದಲ್ಲಿ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು.

ಹೆಚ್ಚು ಹಣ ತುಂಬಿಟ್ಟು ನಿಶ್ಚಿಂತೆಯಾಗಿರೋಣವೆಂದರೆ ಅದಕ್ಕೂ ಮನಸ್ಸು ಒಪ್ಪುವುದಿಲ್ಲ. ಚಿಪ್ಪಿನಲ್ಲಿ 2000 ರೂಪಾಯಿಯವರೆಗೆ ಇಡಬಹುದು. ಆದರೆ ಕಾರ್ಡು ಕಳೆದುಹೋದರೆ ಆ ಹಣ ಜೇಬಿನಿಂದ ಬಿದ್ದ ನೋಟಿನಂತೆಯೇ, ಮರಳಿ ಬರುವುದಿಲ್ಲ. ಕಿಕ್ಕಿರಿದ ಬಸ್ಸಿನಲ್ಲಿ ದಿನಕ್ಕೆ ಎರಡು ಬಾರಿ ನಿಂತು ಪ್ರಯಾಣಿಸುವ ನನಗೆ ಅಷ್ಟು ಮೊತ್ತ ಹೊತ್ತು ತಿರುಗುವ ಧೈರ್ಯವಿಲ್ಲ. 2025ರ ಫೆಬ್ರವರಿಯಲ್ಲಿ ದರ ಪರಿಷ್ಕರಣೆಯಾಗಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ ಮೇಲೆ ಸಣ್ಣ ಮೊತ್ತ ಬೇಗ ಕರಗುವುದೂ ನಿಜ.

ಈಗ ಭಾನುವಾರದ ರೀಚಾರ್ಜನ್ನು ಬಿಟ್ಟಿದ್ದೇನೆ. ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ 500 ರೂಪಾಯಿ ಹಾಕಿ, ಸಂಜೆ ಮಾದಾವರದಲ್ಲಿ ಇಳಿದಾಗ ಹಣವನ್ನು ಚಿಪ್ಪಿಗೆ ಇಳಿಸಿಕೊಂಡು, ಬ್ಯಾಲೆನ್ಸನ್ನು ಕಣ್ಣಾರೆ ನೋಡಿದ ನಂತರವೇ ತುಮಕೂರಿನ ಬಸ್ಸು ಹತ್ತುತ್ತೇನೆ.