ಪುಟದ ಅಳತೆ ನೋಡಿ ತಾನೇ ಟೆಂಪ್ಲೇಟ್ ಆರಿಸುವ ಪ್ರೀಪ್ರೆಸ್ ವರ್ಕ್‌ಫ್ಲೋ: ಮೂರು ವರ್ಷದ ಬಳಕೆ

★★★★☆

ಅಚ್ಚಿಗೆ ಮುಂಚಿನ ಕೆಲಸ (ಪ್ರೀಪ್ರೆಸ್) ಮಾಡುವ ಈ ಸಾಫ್ಟ್‌ವೇರನ್ನು ಬಳ್ಳಾರಿಯ ಪ್ರೆಸ್ಸೊಂದರಲ್ಲಿ 19×26 ಇಂಚಿನ ಆಫ್‌ಸೆಟ್ ಮಶಿನ್ ಮತ್ತು ಸಿಟಿಪಿ (ಕಂಪ್ಯೂಟರಿನಿಂದ ನೇರ ಪ್ಲೇಟ್ ಮಾಡುವ ಯಂತ್ರ) ಜೊತೆ ಬಳಸಿ ಬರೆದ ವಿಮರ್ಶೆ. ಹಾಟ್ ಫೋಲ್ಡರಿಗೆ (ಫೈಲ್ ಬಿದ್ದೊಡನೆ ಕೆಲಸ ತಾನೇ ಶುರುವಾಗುವ ಫೋಲ್ಡರ್) ಪಿಡಿಎಫ್ ಬಿಟ್ಟರೆ ಸಾಕು, ಪುಟದ ಅಳತೆ ಓದಿ, ಹೊಂದುವ ಟೆಂಪ್ಲೇಟ್ (ಹಾಳೆಯ ಮೇಲೆ ಪುಟಗಳ ಜಾಗ ಗೊತ್ತುಮಾಡಿದ ನಕ್ಷೆ) ಹುಡುಕಿ, ಫಾರಂ (ಹಾಳೆಯ ಒಂದು ಬದಿಗೆ ಬೀಳುವ ಪುಟಗಳ ಗುಂಪು) ಜೋಡಿಸಿ ಪ್ಲೇಟಿಗೆ ಕಳಿಸುತ್ತದೆ. ಡೆಮಿ 1/8, ಕ್ರೌನ್ 1/4 (ಆ ಹೆಸರಿನ ಹಾಳೆಗಳ ಎಂಟನೇ ಮತ್ತು ನಾಲ್ಕನೇ ಒಂದು ಭಾಗದ ಅಳತೆ), ಎ4 ಮೂರಕ್ಕೂ ಚೆನ್ನಾಗಿ ನಡೆಯುತ್ತದೆ. ಆದರೆ ಕೊಂಡ ದಿನದ ಸೆಟ್ಟಿಂಗ್‌ನಲ್ಲೇ ಓಡಿಸಿದರೆ ಪ್ಲೇಟು ಹಾಳಾಗುವುದು ಖಂಡಿತ.

ಮೊದಲು ನೋಡಬೇಕಾದದ್ದು, ಅದು ಯಾವ ಅಳತೆಯನ್ನು ಓದುತ್ತಿದೆ ಎಂಬುದು. ಪಿಡಿಎಫ್ ಪುಟಕ್ಕೆ ಮೀಡಿಯಾ, ಕ್ರಾಪ್, ಬ್ಲೀಡ್, ಟ್ರಿಮ್, ಆರ್ಟ್ ಎಂದು ಐದು ಬಾಕ್ಸ್‌ಗಳು, ಅಂದರೆ ಅಳತೆಯ ಚೌಕಟ್ಟುಗಳು, ಇರಬಹುದು. ಹೊಂದಾಣಿಕೆ ಟ್ರಿಮ್ ಬಾಕ್ಸಿನ, ಅಂದರೆ ಕತ್ತರಿಸಿದ ಮೇಲೆ ಉಳಿಯುವ ಅಳತೆಯ, ಮೇಲೆಯೇ ಆಗಬೇಕು. ವರ್ಡ್‌ನಿಂದ ಬಂದ ಫೈಲಿನಲ್ಲಿ ಟ್ರಿಮ್ ಬಾಕ್ಸ್ ಸಾಮಾನ್ಯವಾಗಿ ಇರುವುದಿಲ್ಲ. ಆಗ ಕ್ರಾಪ್ ಬಾಕ್ಸ್, ಅದೂ ಇಲ್ಲದಿದ್ದರೆ ಮೀಡಿಯಾ ಬಾಕ್ಸೇ (ಇಡೀ ಪುಟ) ಲೆಕ್ಕ. ಎ4 ಹಾಳೆಯ ನಡುವೆ ಕಟಿಂಗ್ ಮಾರ್ಕ್ ಹಾಕಿ ಕೂಡಿಸಿದ ಡೆಮಿ ಪುಸ್ತಕ ನೇರ ಎ4 ಟೆಂಪ್ಲೇಟಿಗೆ ಹೋಗಿ ಕೂರುತ್ತದೆ. ಇನ್ನು ಅಳತೆ ಎರಡೂ ಕಡೆ ಸರಿಯಾಗಿ 6 ಮಿ.ಮೀ. ಹೆಚ್ಚಿದ್ದರೆ, ಅಂದರೆ ಡೆಮಿ 139.7×215.9 ಬದಲು 145.7×221.9 ಇದ್ದರೆ, ಬ್ಲೀಡ್ (ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ಹೊರಗೆ ಚಾಚಿಸಿದ ಭಾಗ) ಸೇರಿಸಿ ಎಕ್ಸ್‌ಪೋರ್ಟ್ ಮಾಡಿದ್ದಾರೆಂದೇ ಅರ್ಥ. ಇಂಥವಕ್ಕೆ ಟೆಂಪ್ಲೇಟ್ ಹುಡುಕುವ ಮುಂಚೆಯೇ ನಾಲ್ಕೂ ಕಡೆ 3 ಮಿ.ಮೀ. ಒಳಗೆ ಟ್ರಿಮ್ ಬಾಕ್ಸ್ ಇಡುವ ಒಂದು ಹಂತ ಸೇರಿಸಿ.

ಅಳತೆಯಲ್ಲಿ ಎಷ್ಟು ವ್ಯತ್ಯಾಸ ಒಪ್ಪಬೇಕು? 1 ಮಿ.ಮೀ. ತನಕ. 0.5 ಇಟ್ಟರೆ ಬಿಗಿಯಾಗುತ್ತದೆ, ಏಕೆಂದರೆ ಡಿಟಿಪಿ ಮಾಡುವವರು ಡೆಮಿಗೆ 14×21.5 ಸೆಂ.ಮೀ. ಎಂದು ಹಾಕುವುದುಂಟು, ಎತ್ತರದಲ್ಲೇ 0.9 ಮಿ.ಮೀ. ಕಡಿಮೆ. ಎ4 ಅನ್ನು 595×842 ಪಾಯಿಂಟ್‌ಗೆ ದುಂಡು ಮಾಡಿದ ಫೈಲು ಇದರಲ್ಲಿ ಸಲೀಸಾಗಿ ಪಾಸಾಗುತ್ತದೆ. ಪುಟವನ್ನು ಟೆಂಪ್ಲೇಟಿನ ಮಧ್ಯಕ್ಕೆ ಕೂರಿಸುವಂತೆ ಇಡಿ. ಎಡಗಡೆ ಕೆಳಮೂಲೆಗೆ ಕಟ್ಟಿದರೆ ಆ 0.9 ಪೂರ್ತಿ ತಲೆಯ ಕಡೆಗೇ ಬೀಳುತ್ತದೆ. ಹತ್ತಿರದ ಟೆಂಪ್ಲೇಟ್ ಆರಿಸು ಎಂಬ ಆಯ್ಕೆಯನ್ನಂತೂ ಮುಚ್ಚಿಬಿಡಿ. ಹೊಂದದ ಕೆಲಸ ಹೋಲ್ಡ್‌ನಲ್ಲಿ ನಿಲ್ಲಲಿ, ಪ್ಲೇಟ್ ಆಗುವುದು ಬೇಡ.

ಒಂದು ಸ್ಟಾರ್ ಕಡಿದದ್ದು ಬೈಂಡಿಂಗ್ ವಿಷಯಕ್ಕೆ. ಪುಟದ ಅಳತೆ ಒಂದೇ ಇದ್ದರೂ ಟೆಂಪ್ಲೇಟ್ ಒಂದೇ ಆಗುವುದಿಲ್ಲ. 18×23 ಡೆಮಿ ಹಾಳೆಯ 23 ಇಂಚು ಎಂದರೆ 584.2 ಮಿ.ಮೀ. ಅದರಲ್ಲಿ ಅಕ್ಕಪಕ್ಕದ ನಾಲ್ಕು ಪುಟಕ್ಕೆ 558.8 ಹೋದರೆ ಉಳಿಯುವುದು 25.4. ಪರ್ಫೆಕ್ಟ್ ಬೈಂಡಿಂಗ್‌ಗೆ (ಬೆನ್ನು ಉಜ್ಜಿ ಗೋಂದಿನಿಂದ ಅಂಟಿಸುವುದು) ಬೆನ್ನಿನ ಕಡೆ ಉಜ್ಜಲು ಪುಟಕ್ಕೆ 3 ಮಿ.ಮೀ. ಬೇಕು. ಎರಡು ಬೆನ್ನಿಗೆ 12, ಹೊರಗಿನ ಕಟಿಂಗ್‌ಗೆ 12, ಒಟ್ಟು 24. ಉಳಿತಾಯ 1.4 ಮಾತ್ರ. ಸೆಂಟರ್ ಪಿನ್ (ನಡುಮಡಿಕೆಗೆ ಪಿನ್ ಹೊಡೆದ) ಪುಸ್ತಕಕ್ಕೆ ಬೆನ್ನಿನ ಆ 12 ಬೇಕಿಲ್ಲ. ಅಳತೆಯೊಂದನ್ನೇ ನೋಡುವ ವರ್ಕ್‌ಫ್ಲೋ ಈ ಎರಡರಲ್ಲಿ ಪಟ್ಟಿಯಲ್ಲಿ ಮೊದಲು ಸಿಕ್ಕದ್ದನ್ನು ಎತ್ತಿಕೊಳ್ಳುತ್ತದೆ. ಪಿನ್ ಟೆಂಪ್ಲೇಟಿನಲ್ಲಿ ಹೊರಟ ಪರ್ಫೆಕ್ಟ್ ಪುಸ್ತಕದ ಒಳ ಅಂಚಿನಿಂದ 3 ಮಿ.ಮೀ. ಉಜ್ಜಿ ಹೋಗುತ್ತದೆ, ಅಕ್ಷರ ಬೆನ್ನಿನ ಸಂದಿಗೆ ಸರಿಯುತ್ತದೆ. ಪರಿಹಾರ ಸರಳ: ಬೈಂಡಿಂಗ್‌ಗೆ ಒಂದರಂತೆ ಬೇರೆ ಬೇರೆ ಹಾಟ್ ಫೋಲ್ಡರ್.

18 ಇಂಚಿನ ಕಡೆಯೂ ಉಳಿಯುವುದು ಅದೇ 25.4. ಗ್ರಿಪ್ಪರ್‌ಗೆ (ಮಶಿನ್ ಹಾಳೆ ಹಿಡಿಯುವ ಅಂಚಿಗೆ) 10, ಬ್ಲೀಡ್‌ಗೆ 3, ನಡುವಿನ ತಲೆ ಕಟಿಂಗ್‌ಗೆ 6, ಕೊನೆಯ ಬ್ಲೀಡ್‌ಗೆ 3 ತೆಗೆದರೆ ಉಳಿಯುವುದು 3.4 ಮಿ.ಮೀ. ಅಲ್ಲಿ 5 ಮಿ.ಮೀ.ನ ಕಲರ್ ಬಾರ್ (ಬಣ್ಣದ ಮಟ್ಟ ನೋಡುವ ಪಟ್ಟಿ) ಹಿಡಿಯುವುದಿಲ್ಲ. ಬ್ಲೀಡ್ ಇರುವ ಡೆಮಿ ಕೆಲಸಕ್ಕೆ ದೊಡ್ಡ ಹಾಳೆಯ ಟೆಂಪ್ಲೇಟೇ ಬೇರೆ ಮಾಡಿಡಬೇಕು.

ತಿರುಗಿಸಿದ ಪುಟಗಳನ್ನೂ ಪರೀಕ್ಷಿಸಿ: 297×210 ಬಾಕ್ಸಿಗೆ 90 ಡಿಗ್ರಿ ತಿರುಗಿಸುವ ಗುರುತಿದ್ದರೆ, ಕಣ್ಣಿಗೆ ಉದ್ದ ಪುಟ, ಬಾಕ್ಸ್ ಮಾತ್ರ ಓದುವ ವರ್ಕ್‌ಫ್ಲೋಗೆ ಅಡ್ಡ ಪುಟ.

ಇಲ್ಲಿನ ಜೀನ್ಸ್ ಘಟಕಗಳ ಟ್ಯಾಗ್, ಲೇಬಲ್ ಕೆಲಸಕ್ಕೆ ಇದನ್ನು ನಂಬಿ ಕೊಳ್ಳಬೇಡಿ. ಪ್ರತಿ ಆರ್ಡರಿಗೂ ಅಳತೆ ಬೇರೆ, ಅದಕ್ಕೆ ಸ್ಟೆಪ್ ಅಂಡ್ ರಿಪೀಟೇ (ಒಂದೇ ಡಿಸೈನನ್ನು ಹಾಳೆ ತುಂಬ ಮತ್ತೆ ಮತ್ತೆ ಕೂರಿಸುವುದು) ಬೇಗ ಮುಗಿಯುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯ ಹೊತ್ತಿನ ಎ4, ಎ5 ಕರಪತ್ರಗಳಿಗೆ ಮಾತ್ರ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಟೆಂಪ್ಲೇಟಿಗೆ ಹೆಸರಿಡುವಾಗ ಪುಟದ ಅಳತೆ, ಹಾಳೆಯ ಅಳತೆ, ಬೈಂಡಿಂಗ್, ಗ್ರಿಪ್ಪರ್ ನಾಲ್ಕನ್ನೂ ಬರೆಯಿರಿ. ಹೋಲ್ಡ್‌ನಲ್ಲಿ ನಿಂತ ಕೆಲಸಕ್ಕೆ ರಾತ್ರಿ ಪಾಳಿಯವರು ಕೈಯಿಂದ ಟೆಂಪ್ಲೇಟ್ ಆರಿಸುವಾಗ ನೋಡುವುದು ಆ ಹೆಸರನ್ನೇ.