ಪೈಥಾನ್‌ನಲ್ಲಿ ಫೈಲ್ ತೆರೆಯೋದು: ತೋಟದ ರೈಟರ್ ಒಬ್ಬನ ಎರಡು ಸೀಸನ್ ಅನುಭವ

ಚಿಕ್ಕಮಗಳೂರಿನ ಆಲ್ದೂರು ಕಡೆ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವನು. ಹಣ್ಣು ಕುಯ್ಲು ಶುರುವಾದರೆ ದಿನಾ ಸಂಜೆ ಕಣದಲ್ಲಿ ತೂಕ, ಶನಿವಾರ ಕೂಲಿ ಬಟವಾಡೆ. ಎರಡು ಸೀಸನ್ನಿಂದ ಈ ಲೆಕ್ಕವೆಲ್ಲ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲೇ. ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ಫೈಲ್ ತೆರೆಯುವಾಗ ಮಾತ್ರ ಹುಷಾರಾಗಿರಬೇಕು.

ಮೊದಲ ವರ್ಷ ಮೂರು ವಾರದ ತೂಕದ ಲೆಕ್ಕ ಓದಿಕೊಂಡು, ಆವತ್ತಿನದನ್ನು ಸೇರಿಸಿ ಮತ್ತೆ ಬರೆಯೋಣ ಅಂತ ಫೈಲನ್ನು 'ಡಬ್ಲ್ಯೂ' (ಬರೆಯೋದಕ್ಕೆ ತೆರೆಯುವ ಬಗೆ) ಹಾಕಿ ತೆರೆದೆ. ಹೊಸದನ್ನು ಬರೆಯುವಾಗ ಹಳೆಯದು ಅಳಿಯುತ್ತೆ ಅಂದುಕೊಂಡಿದ್ದೆ. ಹಾಗಲ್ಲ, ತೆರೆದ ಕ್ಷಣಕ್ಕೇ ಫೈಲ್ ಖಾಲಿ. ಮೊದಲ ಸಾಲಿಗೇ ತೂಕದ ಜಾಗದಲ್ಲಿ '48 ಕೆಜಿ' ಅಂತ ಅಕ್ಷರ ಸಮೇತ ಟೈಪ್ ಆಗಿತ್ತು, ಅದು ಸಂಖ್ಯೆಯಾಗದೆ, ಏನೂ ಬರೆಯುವ ಮೊದಲೇ ಪ್ರೋಗ್ರಾಂ ನಿಂತೇ ಹೋಯ್ತು. ಬರೀ ೪೮ ಅಂತ ಕನ್ನಡ ಅಂಕಿ ಇದ್ದಿದ್ದರೆ ತಗೊಳ್ಳುತ್ತಿತ್ತು; ಪೈಥಾನ್‌ನಲ್ಲಿ ನನಗೆ ಬಹಳ ಇಷ್ಟವಾದದ್ದು ಅದು. ನೋಡಿದರೆ ಫೈಲ್ ಗಾತ್ರ 0 ಕೆಬಿ. ಮೇಸ್ತ್ರಿಯ ನೋಟ್‌ಬುಕ್ ಇತ್ತು, ಎರಡು ರಾತ್ರಿ ಕೂತು ಅದರಿಂದ ಎಲ್ಲ ಮತ್ತೆ ಬರೆದೆ. ಅದೂ ಇಲ್ಲದಿದ್ದರೆ ಜನರ ಕೂಲಿ ಯಾವ ಲೆಕ್ಕದಲ್ಲಿ ಕೊಡಬೇಕಿತ್ತು?

ಈಗ ಬೇರೆ ಹೆಸರಿನ ಫೈಲಿಗೆ ಪೂರ್ತಿ ಬರೆದು, ಆಮೇಲೆ ಓಎಸ್.ರಿಪ್ಲೇಸ್‌ನಿಂದ ಹಳೆಯದರ ಜಾಗಕ್ಕೆ ತರುತ್ತೇನೆ. ಬರೆಯುವಾಗ ಪ್ರೋಗ್ರಾಂ ಕೈಕೊಟ್ಟರೂ ಹಳೇ ಲೆಕ್ಕ ಹಾಗೇ ಇರುತ್ತೆ. ತೆರೆಯೋದು ಯಾವಾಗಲೂ 'ವಿತ್' (ಕೆಲಸ ಮುಗಿದ ಕೂಡಲೇ ಫೈಲನ್ನು ತಾನೇ ಮುಚ್ಚುತ್ತೆ) ಜೊತೆಗೇ, ಯಾಕಂದರೆ ವಿಂಡೋಸ್‌ನಲ್ಲಿ ಮುಚ್ಚದೆ ಬಿಟ್ಟ ಫೈಲಿನ ಮೇಲೆ ರಿಪ್ಲೇಸ್ ನಡೆಯಲ್ಲ. ದಿನದ ಹೊಸ ಫೈಲಿಗೆ 'ಎಕ್ಸ್': ಅದೇ ಹೆಸರಿನದು ಮೊದಲೇ ಇದ್ದರೆ ತೆರೆಯೋದೇ ಇಲ್ಲ, ದೋಷ ಅಂತ ಹೇಳಿ ನಿಲ್ಲುತ್ತೆ. 2012ರ 3.3 ಆವೃತ್ತಿಯಿಂದಲೂ ಇರುವ ಸೌಲಭ್ಯ, ನನಗೆ ತಡವಾಗಿ ಗೊತ್ತಾಯ್ತು.

ಇನ್ನೊಂದು, ಕನ್ನಡ ಹೆಸರು. ನನ್ನ ವಿಂಡೋಸ್‌ನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಕ್ರಮ) ಹೇಳದೆ ಓದಿದರೆ 'ಕಮಲ' ಗೀಚು ಗೀಚಾಗಿ ಬರುತ್ತೆ, 'ಲಕ್ಷ್ಮಿ' ಬಂದ ಕೂಡಲೇ ಪ್ರೋಗ್ರಾಮೇ ನಿಲ್ಲುತ್ತೆ. ಒತ್ತಕ್ಷರದೊಳಗಿನ ಹಲಂತ ಚಿಹ್ನೆಯ (್) ಒಂದು ಬೈಟ್, 8ಡಿ, ಎನ್‌ಕೋಡಿಂಗ್ ಹೇಳದಿದ್ದಾಗ ಬಳಕೆಯಾಗುವ ವಿಂಡೋಸ್‌ನ 1252 ಅಕ್ಷರ ಕೋಷ್ಟಕದಲ್ಲೇ ಇಲ್ಲ. ಓದುವಾಗಲೂ ಬರೆಯುವಾಗಲೂ ಎನ್‌ಕೋಡಿಂಗ್ ಯುಟಿಎಫ್-8 ಅಂತ ಕೊಟ್ಟರೆ ಆಯ್ತು. ಸಾವ್ಕಾರ್ರು ಎಕ್ಸೆಲ್‌ನಲ್ಲಿ ನೋಡುವ ಪ್ರತಿಗೆ ಮಾತ್ರ ಯುಟಿಎಫ್-8-ಸಿಗ್ ಹಾಕುತ್ತೇನೆ, ಇದು ಯುಟಿಎಫ್-8 ಅಂತ ಎಕ್ಸೆಲ್‌ಗೆ ತಿಳಿಸುವ ಗುರುತು ಫೈಲಿನ ಮೊದಲಲ್ಲೇ ಸೇರುತ್ತೆ. ಬಟವಾಡೆ ಪಟ್ಟಿಯಲ್ಲಿ ಲಕ್ಷ್ಮಿ, ಕೃಷ್ಣಪ್ಪ ಎಲ್ಲರ ಹೆಸರೂ ಈಗ ನೆಟ್ಟಗೆ ಬರುತ್ತೆ.