ಹಿತ್ತಿಲಿನ ರೈಲಿಗೆ ಸ್ಟೇಷನ್: ಎಮ್‌ಡಿಎಫ್, ಫೋಮ್ ಶೀಟ್, ಸಿಮೆಂಟು

ಮೂರು ವರ್ಷದ ಹಿಂದೆ ಆನ್‌ಲೈನಲ್ಲಿ 2,400 ರೂಪಾಯಿ ಕೊಟ್ಟು, ಹಿತ್ತಿಲಲ್ಲಿ ಓಡಿಸುವ ನನ್ನ ಸಣ್ಣ ಮಾದರಿ ರೈಲಿಗೆ ಎಮ್‌ಡಿಎಫ್‌ನ (ಮರದ ನಾರು ಒತ್ತಿ ಮಾಡಿದ ಹಲಗೆಯ) ಸ್ಟೇಷನ್ ಕಿಟ್ ತರಿಸಿದ್ದೆ. ಲೇಸರಿನಲ್ಲಿ ಕತ್ತರಿಸಿದ್ದು, ನೋಡಲಿಕ್ಕೆ ಬಹಳ ಚಂದ. ಎರಡು ಕೋಟ್ ವಾರ್ನಿಷ್ ಕೂಡ ಹೊಡೆದೆ. ಜೂನ್‌ನಲ್ಲಿ ಮಳೆ ಹಿಡಿಯಿತು. ಹತ್ತೇ ದಿನಕ್ಕೆ ಗೋಡೆಯ ಅಂಚೆಲ್ಲ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತು. ಎತ್ತಲು ಹೋದರೆ ಮಾಡು (ಛಾವಣಿ) ಮಾತ್ರ ಕೈಗೆ ಬಂತು. ಅಡಿಯಲ್ಲಿ ಗೆದ್ದಲು ಬೇರೆ. ನಮ್ಮ ಉಡುಪಿಯ ಮಳೆಗೆ ಎಮ್‌ಡಿಎಫ್ ಬೇಡವೇ ಬೇಡ.

ಈಗ ಹಿತ್ತಿಲಲ್ಲಿ ನಿಂತಿರುವುದು ಸಿಮೆಂಟಿನ ಸ್ಟೇಷನ್. ಎರಡು ಮಳೆಗಾಲ ಕಂಡಿದೆ. ಯಾರು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ.

ನನ್ನದು 45 ಮಿಲಿಮೀಟರ್ ಅಗಲದ ಹಳಿ, 1:22.5 ಸ್ಕೇಲು, ಅಂದರೆ ಎಲ್ಲವೂ ನಿಜದ್ದರ 22.5ರಲ್ಲಿ ಒಂದು ಪಾಲು. ಗುಣಿಸಿ ನೋಡಿದರೆ ಹೆಚ್ಚುಕಡಿಮೆ ಮೀಟರ್ ಗೇಜ್ ಲೆಕ್ಕಕ್ಕೆ, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರಕ್ಕೆ ಬರುತ್ತದೆ. ಮಂಗಳೂರು–ಹಾಸನ ದಾರಿ 1996ರವರೆಗೆ ಮೀಟರ್ ಗೇಜೇ ಆಗಿತ್ತು. ಸಣ್ಣವನಿದ್ದಾಗ ಅಪ್ಪನ ಜೊತೆ ಆ ರೈಲಿನಲ್ಲಿ ಘಾಟಿ ಹತ್ತಿದವನು ನಾನು. ಹಾಗಾಗಿ ಕಟ್ಟಿದರೆ ಘಾಟಿಯದ್ದೇ ಸಣ್ಣ ಸ್ಟೇಷನ್, ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಹಂಚಿನ ಮಾಡು ಅಂತ ಮನಸ್ಸಲ್ಲಿತ್ತು.

ಎಮ್‌ಡಿಎಫ್ ಹೋದ ಮೇಲೆ ಹಿಡಿದದ್ದು ಪಿವಿಸಿ ಫೋಮ್ ಶೀಟ್, ಅಂದರೆ ಹಗುರವಾದ ಪ್ಲಾಸ್ಟಿಕ್ ಹಲಗೆ. ಬೋರ್ಡ್ ಮಾಡುವ ಅಂಗಡಿಯಲ್ಲಿ 5 ಮಿಲಿಮೀಟರ್ ದಪ್ಪದ ತುಂಡುಗಳು 150 ರೂಪಾಯಿಗೆ ಒಂದು ಕಟ್ಟು ಸಿಕ್ಕಿದವು. ನೀರು ಕುಡಿಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಬ್ಲೇಡಿಗೆ ಬೆಣ್ಣೆ ಹಾಗೆ ಕೊಯ್ಯುತ್ತದೆ. ಪ್ಲಂಬರ್‌ಗಳು ಪೈಪಿಗೆ ಹಚ್ಚುವ ಗಮ್ಮೇ ಸಾಕು, ಗಟ್ಟಿ ಹಿಡಿಯುತ್ತದೆ. ಒಂದು ಭಾನುವಾರದಲ್ಲಿ ಸ್ಟೇಷನ್ ಎದ್ದು ನಿಂತಿತು.

ತೊಂದರೆ ಶುರುವಾದದ್ದು ಏಪ್ರಿಲಿನಲ್ಲಿ. ಮಾಡಿಗೆ ಹಂಚಿನ ಬಣ್ಣ ಬೇಕಲ್ವಾ, ಕಡು ಕೆಂಪು ಎನಾಮೆಲ್ ಹೊಡೆದಿದ್ದೆ. ಕಡು ಬಣ್ಣ ಬಿಸಿಲು ಹೀರುತ್ತದೆ, ಪಿವಿಸಿ ಕಾದರೆ ಮೆತ್ತಗಾಗುತ್ತದೆ. ಒಂದು ಮಧ್ಯಾಹ್ನ ರೈಲು ಬಿಟ್ಟಾಗ ಎರಡನೇ ಬೋಗಿ ಪ್ಲಾಟ್‌ಫಾರ್ಮ್ ಹತ್ತಿರ ಟಕ್ಕೆಂದು ನಿಂತಿತು. ಬಗ್ಗಿ ನೋಡಿದರೆ ಮಾಡಿನ ಇಳಿಜಾರು ಹಪ್ಪಳದಂತೆ ಡೊಂಕಾಗಿ ಬೋಗಿಯ ತಲೆಗೆ ತಾಗುತ್ತಿದೆ.

ಅಡಿಗೆ ಅಲ್ಯೂಮಿನಿಯಂ ಪಟ್ಟಿ ಅಂಟಿಸಿದೆ. ಪಟ್ಟಿ ನೇರ ಉಳಿಯಿತು, ಶೀಟು ಅದನ್ನು ಬಿಟ್ಟು ಮೇಲೆದ್ದಿತು. ತಿಳಿ ಬಣ್ಣ ಹೊಡೆದೆ. ಡೊಂಕು ಕಡಿಮೆಯಾಯಿತು, ಆದರೆ ಬಿಳಿಚಿದ ಹಂಚು ನೋಡಲಿಕ್ಕೆ ಮನಸ್ಸೇ ಬರಲಿಲ್ಲ. ಕೊನೆಗೆ ಹತ್ತು ಗಂಟೆಗೆ ಒಳಗಿಡುವುದು, ಸಂಜೆ ಹೊರಗಿಡುವುದು. ಆಫೀಸಿಗೆ ಹೋಗುವ ದಿನ ಅಮ್ಮನೇ ಎತ್ತಿಡಬೇಕು. ತಿಂಗಳು ಮಾಡಿ ಬಿಟ್ಟೆ.

ಆ ನವೆಂಬರಿನಲ್ಲಿ ಸಿಮೆಂಟಿಗೆ ಕೈ ಹಾಕಿದೆ. ಎರಡು ಕಿಲೋ ಸಿಮೆಂಟು, ಅದರ ಮೂರರಷ್ಟು ಜರಡಿ ಹಿಡಿದ ಸಣ್ಣ ಹೊಯಿಗೆ (ಮರಳು), ಒಳಗೆ ಕೋಳಿಗೂಡಿನ ಬಲೆ. ಮಾಡಿನ ಗಾರೆಗೆ ರೆಡ್ ಆಕ್ಸೈಡ್ ಪುಡಿ ಕಲಸಿದೆ, ನಮ್ಮ ಹಳೆ ಮನೆಗಳ ಕೆಂಪು ನೆಲಕ್ಕೆ ಹಾಕುತ್ತಿದ್ದದ್ದೇ. ಬಣ್ಣ ಗಾರೆಯೊಳಗೇ ಇರುವುದರಿಂದ ಸುಲಿದು ಹೋಗುವ ಮಾತೇ ಇಲ್ಲ. ರಟ್ಟಿನ ಡಬ್ಬದ ಮೇಲಿನ ಕಾಗದ ಸುಲಿದು, ಒಳಗಿನ ಏರುತಗ್ಗಿಗೆ ತೆಂಗಿನೆಣ್ಣೆ ಸವರಿ ಹಸಿ ಗಾರೆಗೆ ಒತ್ತಿದರೆ ಹಂಚಿನ ಸಾಲು ಮೂಡುತ್ತದೆ. ಅಡ್ಡಗೆರೆ 18 ಮಿಲಿಮೀಟರಿಗೊಂದು ಎಳೆದೆ, ಮಂಗಳೂರು ಹಂಚು ಈ ಸ್ಕೇಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಉದ್ದ. ಗೋಡೆಗೆ ಹಿಡಿಸೂಡಿ (ಪೊರಕೆ) ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿದರೆ ಥೇಟ್ ಮುರಕಲ್ಲಿನ ತೂತು.

ಮೊದಲ ಮಾಡು ಬಿರುಕು ಬಿಟ್ಟಿತು, ಬಿಸಿಲಿಗಿಟ್ಟು ಒಣಗಿಸಿದ್ದು ನನ್ನ ತಪ್ಪು. ಎರಡನೆಯದನ್ನು ಒದ್ದೆ ಗೋಣಿ ಮುಚ್ಚಿ ಏಳು ದಿನ ನೆರಳಲ್ಲಿಟ್ಟೆ. ಬಲೆ ಸೇರಿ ಒಟ್ಟು ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ.

ಸಿಮೆಂಟಿನಲ್ಲಿ ಕಿಟಕಿಯ ಸರಳು, ಬಾಗಿಲು ಇಂಥ ತೆಳು ಕೆಲಸ ಆಗುವುದಿಲ್ಲ. ಅವು ಈಗಲೂ ಫೋಮ್ ಶೀಟಿನವೇ, ನೆರಳಲ್ಲಿರುವುದರಿಂದ ಬಾಗಿಲ್ಲ. ಐದು ಕಿಲೋ ಭಾರ, ಅಡಿಗೆ ಚಪ್ಪಡಿ ಇಡದಿದ್ದರೆ ಮಣ್ಣಿಗೆ ಇಳಿಯುತ್ತದೆ. ಥರ್ಮೋಕೋಲ್ ಗುಡ್ಡವನ್ನೂ ನೋಡಿದೆ, ಇರುವೆಗಳು ಕೊರೆದು ಮನೆ ಮಾಡಿದವು.

ಫ್ಲ್ಯಾಟಿನಲ್ಲಿದ್ದು ಆಟ ಮುಗಿದ ಮೇಲೆ ಎಲ್ಲವನ್ನೂ ಒಳಗಿಡುವವರು ಫೋಮ್ ಶೀಟೇ ತಗೊಳ್ಳಿ. ನನಗೆ ಒಮ್ಮೆ ಇಟ್ಟದ್ದು ಅಲ್ಲೇ ಇರಬೇಕು. ಎರಡನೇ ಆಟಿಯ (ಆಷಾಢದ) ಮಳೆಗೆ ಮಾಡಿನ ಬಡಗು ಬದಿಯಲ್ಲಿ ತೆಳುವಾಗಿ ಪಾಚಿ ಹಿಡಿದಿದೆ, ಗೋಡೆಯ ಬುಡ ಕಪ್ಪಾಗಿದೆ. ಅಪ್ಪ ಕೊಡೆ ಹಿಡಿದು ಬಂದು ನೋಡಿದರು. "ನಾವು ಚಹಾ ಕುಡಿದ ಸ್ಟೇಷನ್ ಹೀಗೇ ಇತ್ತು" ಅಂದರು. ಈ ನವೆಂಬರಿಗೆ ಸುರಂಗದ ಬಾಯಿ ಎರಕ ಹೊಯ್ಯಬೇಕು.